ಬಾವಲಿ ಸಸ್ತನಿಯೇ ಆದರೂ ತರ್ಕ ತಪ್ಪೇಕೆ?

ಪ್ರಶ್ನೆ: ‘ಎಲ್ಲ ಸಸ್ತನಿಗಳೂ ಕಶೇರುಕಗಳು, ಎಲ್ಲ ಬಾವಲಿಗಳೂ ಕಶೇರುಕಗಳು, ಆದ್ದರಿಂದ ಎಲ್ಲ ಬಾವಲಿಗಳೂ ಸಸ್ತನಿಗಳು.’ ಮೂರು ವಾಕ್ಯಗಳೂ ನಿಜವಾಗಿರುವಾಗ ತರ್ಕಶಾಸ್ತ್ರವು ಇದನ್ನು ದೋಷಯುಕ್ತವೆನ್ನುವುದೇಕೆ?

ಉತ್ತರ: ಬಾವಲಿ ಸಸ್ತನಿಯೆಂಬುದು ನಿಮಗೆ ಮೊದಲೇ ಗೊತ್ತಿದೆ, ಆ ತಿಳಿವಳಿಕೆಯೇ ಇಲ್ಲಿ ದೋಷವನ್ನು ಮರೆಮಾಡುತ್ತಿದೆ. ‘ಬಾವಲಿ’ ಎಂಬಲ್ಲಿ ‘ಗಿಳಿ’ ಎಂದಿಟ್ಟು ಓದಿ ನೋಡಿ. ಗಿಳಿಗಳೂ ಕಶೇರುಕಗಳೇ ಆದ್ದರಿಂದ ಎರಡು ಆಧಾರವಾಕ್ಯಗಳೂ ನಿಜವಾಗಿಯೇ ಉಳಿಯುತ್ತವೆ, ಆದರೆ ಗಿಳಿಗಳೆಲ್ಲ ಸಸ್ತನಿಗಳೆಂಬ ತೀರ್ಮಾನ ಹೊರಡುತ್ತದೆ. ಆಧಾರಗಳು ನಿಜವಾಗಿದ್ದೂ ತೀರ್ಮಾನ ಸುಳ್ಳಾಗಲು ಒಂದೇ ಒಂದು ಕಡೆ ಎಡೆಯಿದ್ದರೂ ಆ ರೂಪದ ತರ್ಕವೇ ಸಿಂಧುವಲ್ಲ. ಬಾವಲಿಯ ವಿಷಯದಲ್ಲಿ ನಿಮಗೆ ನಿಜ ಸಿಕ್ಕಿದ್ದು ಪ್ರಾಣಿಶಾಸ್ತ್ರದಿಂದಲೇ ಹೊರತು ಈ ಎರಡು ವಾಕ್ಯಗಳಿಂದಲ್ಲ.

ಇದು ಅವ್ಯಾಪ್ತ ಮಧ್ಯಪದ ದೋಷ. ಎರಡೂ ಆಧಾರವಾಕ್ಯಗಳಲ್ಲಿ ಬಂದು ತೀರ್ಮಾನದಲ್ಲಿ ಬಾರದ ‘ಕಶೇರುಕ’ವೇ ಇಲ್ಲಿನ ಮಧ್ಯಪದ, ಉಳಿದೆರಡು ಪದಗಳನ್ನು ಬೆಸೆಯುವುದು ಅದರ ಕೆಲಸ. ‘ಎಲ್ಲ ಸಸ್ತನಿಗಳೂ ಕಶೇರುಕಗಳು’ ಎಂದಾಗ ಸಸ್ತನಿಗಳೆಲ್ಲವನ್ನೂ ಕುರಿತು ಹೇಳಿದಂತಾಯಿತು, ಆದರೆ ಕಶೇರುಕಗಳೆಲ್ಲವನ್ನೂ ಕುರಿತು ಏನನ್ನೂ ಹೇಳಿದಂತಾಗಲಿಲ್ಲ, ಎಂದರೆ ಆ ಪದ ಅವ್ಯಾಪ್ತವಾಗಿಯೇ ಉಳಿಯಿತು. ಎರಡನೆಯ ವಾಕ್ಯದ ಕಥೆಯೂ ಅದೇ. ಸಸ್ತನಿಗಳು ಆ ದೊಡ್ಡ ವರ್ಗದ ಒಂದು ಮೂಲೆಯಲ್ಲಿಯೂ ಇನ್ನೊಂದು ಪ್ರಾಣಿ ಬೇರೊಂದು ಮೂಲೆಯಲ್ಲಿಯೂ ಇರಬಹುದಾದ್ದರಿಂದ ಬೆಸುಗೆ ಕೂಡುವುದಿಲ್ಲ. ಮಧ್ಯಪದವು ಎರಡು ಕಡೆಯೂ ವಿಧೇಯವಾಗಿ (ಯಾವುದರ ಬಗ್ಗೆ ಹೇಳುತ್ತೇವೋ ಅದಾಗಿ ಅಲ್ಲ, ಅದರ ಬಗ್ಗೆ ಹೇಳುವ ಮಾತಾಗಿ) ಬರುವ ಈ ವಿನ್ಯಾಸವನ್ನು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಪರಿಶೀಲಿಸಿದ್ದ ಅರಿಸ್ಟಾಟಲ್, ಇದರಲ್ಲಿ ನಿಷೇಧ ರೂಪದ ತೀರ್ಮಾನಗಳು ಮಾತ್ರ ಸಾಧ್ಯವೆಂದು ತೋರಿಸಿದ. ಉದಾಹರಣೆಗೆ, ಎರಡನೆಯ ವಾಕ್ಯವನ್ನು ಬದಲಿಸಿ ‘ಯಾವ ಜೇಡವೂ ಕಶೇರುಕವಲ್ಲ’ ಎಂದಾಗ ಕಶೇರುಕಗಳ ಇಡೀ ವರ್ಗವೇ ಜೇಡಗಳಿಂದ ಬೇರ್ಪಡುತ್ತದೆ. ಸಸ್ತನಿಗಳೆಲ್ಲವೂ ಆ ವರ್ಗದೊಳಗೇ ಇರುವುದರಿಂದ ಯಾವ ಜೇಡವೂ ಸಸ್ತನಿಯಲ್ಲವೆಂಬುದು ತಾನಾಗಿ ಸಿದ್ಧವಾಗುತ್ತದೆ.

ನಮ್ಮ ನೈಯಾಯಿಕರು, ಎಂದರೆ ನ್ಯಾಯದರ್ಶನದ ತರ್ಕಪಂಡಿತರು, ಸವ್ಯಭಿಚಾರವೆಂದು ಕರೆದ ಹೇತ್ವಾಭಾಸ (ಕಾರಣದಂತೆ ತೋರುವ ದೋಷಯುಕ್ತ ಕಾರಣ) ಇದಕ್ಕೆ ಹತ್ತಿರದ್ದು, ಅದೇ ಅಲ್ಲದಿದ್ದರೂ. ಬೆಟ್ಟವು ಅರಿವಿಗೆ ನಿಲುಕುವ ವಸ್ತುವಾದ್ದರಿಂದ ಅದರಲ್ಲಿ ಬೆಂಕಿಯಿದೆ ಎಂಬುದು ಅವರ ಹಳೆಯ ಉದಾಹರಣೆ; ಬೆಂಕಿಯೇ ಇಲ್ಲದ ಕೊಳವೂ ಅರಿವಿಗೆ ನಿಲುಕುತ್ತದೆಯಷ್ಟೆ!

ನಿಮ್ಮ ಬಾವಲಿಗೆ ಬೇಕಾದದ್ದು ಬೇರೊಂದು ಮಧ್ಯಪದ. ಮರಿಗಳಿಗೆ ಸ್ತನದ ಹಾಲೂಡಿಸುವ ಜಾತಿಗಳೆಲ್ಲವೂ ಸಸ್ತನಿಗಳು. ಬಾವಲಿಗಳೆಲ್ಲವೂ ಮರಿಗಳಿಗೆ ಸ್ತನದ ಹಾಲೂಡಿಸುವ ಜಾತಿಗಳು. ಮೊದಲ ವಾಕ್ಯ ಹಾಲೂಡಿಸುವ ಇಡೀ ವರ್ಗವನ್ನು ಕುರಿತದ್ದಾದ್ದರಿಂದ ಇಲ್ಲಿ ನಿಮ್ಮ ತೀರ್ಮಾನ ನಿಲ್ಲುತ್ತದೆ, ಮತ್ತು ಗಿಳಿ ಎರಡನೆಯ ವಾಕ್ಯವನ್ನೇ ದಾಟಲಾರದು.