ಫ್ಯಾಂಟಸಿ ಓದಿ ಅಭ್ಯಾಸ ಇಲ್ಲದವರು ಯಾವ ಕಾದಂಬರಿಯಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಕಾರಂತ, ತೇಜಸ್ವಿ ಓದಿಕೊಂಡವರು, ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳೂ ಇಷ್ಟ. ಆದರೆ ಫ್ಯಾಂಟಸಿ ಅಂತ ‘ಲಾರ್ಡ್ ಆಫ್ ದಿ ರಿಂಗ್ಸ್’ ಹಿಡಿದರೆ ಐವತ್ತು ಪುಟ ದಾಟಲಿಕ್ಕೆ ಆಗಲಿಲ್ಲ. ‘ಮಾಯೆ ಮಂತ್ರ ಎಲ್ಲ ನಂಬಲಿಕ್ಕೇ ಆಗುವುದಿಲ್ಲ, ಇದು ನನಗೆ ಹೇಳಿಸಿದ್ದಲ್ಲವೇನೋ’ ಅಂತ ಕೇಳಿದ್ದೀರಿ.

ಉಡುಪಿಯವರು ಅಂತಲೂ ಬರೆದಿದ್ದೀರಿ. ಹಾಗಾದರೆ ದೇವಿ ಮಹಾತ್ಮೆ ಯಕ್ಷಗಾನ ಆಟ ನೋಡಿಯೇ ಇರುತ್ತೀರಿ, ಅಲ್ವಾ? ರಕ್ತಬೀಜನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅಲ್ಲಿಂದ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಇದು ಹೇಗೆ ಸಾಧ್ಯ ಅಂತ ವೇಷ ಕಟ್ಟುವ ಚೌಕಿಯ ಹತ್ತಿರ ಹೋಗಿ ಯಾರೂ ಕೇಳುವುದಿಲ್ಲ ಮಾರಾಯ್ರೆ. ಇವನನ್ನು ಕೊಲ್ಲುವುದು ಹೇಗೆ ಅನ್ನುವುದೇ ಎಲ್ಲರ ಕುತೂಹಲ. ಹನಿ ನೆಲ ಮುಟ್ಟುವ ಮೊದಲೇ ಕಾಳಿ ಅದನ್ನು ಕುಡಿದುಬಿಡುತ್ತಾಳೆ. ವರ ಸುಳ್ಳಾಗಲಿಲ್ಲ, ರಾಕ್ಷಸನೂ ಉಳಿಯಲಿಲ್ಲ. ಒಳ್ಳೆಯ ಫ್ಯಾಂಟಸಿ ನಡೆಯುವುದೂ ಹೀಗೆಯೇ: ಮೊದಲು ಒಂದು ಕಟ್ಟಳೆ, ಆಮೇಲೆ ಅದರೊಳಗೇ ದಾರಿ ಹುಡುಕುವ ಕಷ್ಟ. ಇದು ನಿಮಗೆ ಹೊಸದಲ್ಲ. ನೀವು ಹಿಡಿದ ಪುಸ್ತಕ ಶುರುವಿಗೆ ಉದ್ದವಾಯಿತು, ಅಷ್ಟೇ.

ನನ್ನನ್ನು ಕೇಳಿದರೆ ಉರ್ಸುಲಾ ಲೆ ಗ್ವಿನ್ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಿಂದ ಶುರು ಮಾಡಿ. 1968ರ ಪುಸ್ತಕ, ಸುಮಾರು ಇನ್ನೂರು ಪುಟ. ಊರೆಲ್ಲ ದ್ವೀಪಗಳು, ಓಡಾಟವೆಲ್ಲ ದೋಣಿಯಲ್ಲಿ. ಶುರುವಿನಲ್ಲೇ ಆಡು ಕಾಯುವ ಒಬ್ಬ ಹುಡುಗ ಬರುತ್ತಾನೆ. ಮಾಡು ಹತ್ತಿ ಕೂತ ಆಡನ್ನು ಚಿಕ್ಕಮ್ಮ ಏನೋ ಪದ ಹೇಳಿ ಕೆಳಗಿಳಿಸಿದ್ದು ಇವನ ಕಿವಿಗೆ ಬಿದ್ದಿರುತ್ತದೆ. ಮರುದಿನ ಗುಡ್ಡದಲ್ಲಿ ಅದೇ ಪದ ಕೂಗುತ್ತಾನೆ. ಆಡುಗಳೆಲ್ಲ ಸದ್ದಿಲ್ಲದೆ ಬಂದು ಅವನನ್ನು ಒತ್ತಿಕೊಂಡು ನಿಲ್ಲುತ್ತವೆ. ಬಿಡಿಸಿಕೊಳ್ಳುವ ಮಂತ್ರ ಅವನಿಗೆ ಗೊತ್ತಿಲ್ಲ. ಹೆದರಿ ಓಡಿದರೆ ಇಡೀ ಮಂದೆ ಅವನಿಗೆ ಅಂಟಿಕೊಂಡೇ ಊರಿಗೆ ಇಳಿಯುತ್ತದೆ. ಇಡೀ ಕಾದಂಬರಿ ಈ ದೃಶ್ಯದಲ್ಲೇ ಇದೆ. ಮುಂದೆ ಅವನೇ ಜಂಬಕ್ಕೆ ಬಿದ್ದು, ಆಡುಗಳಿಗಿಂತ ಬಹಳ ಕೆಟ್ಟದ್ದೊಂದನ್ನು ಕರೆದುಬಿಡುತ್ತಾನೆ. ಯುದ್ಧದ ಗದ್ದಲ ಕಡಿಮೆ, ವಾಕ್ಯಗಳು ಚಿಕ್ಕವು. ಕಾರಂತರನ್ನು ಓದಿದವರಿಗೆ ಇದರ ನಿಧಾನ ಖಂಡಿತ ಹಿಡಿಸುತ್ತದೆ.

ಪತ್ತೇದಾರಿ ಇಷ್ಟ ಅಂದಿರಲ್ಲ, ಎರಡನೆಯದಾಗಿ ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ ಓದಿ. 2020ರಲ್ಲಿ ಬಂದದ್ದು. ಕೊನೆಯೇ ಇಲ್ಲದ ಒಂದು ಮನೆ, ಸಾಲು ಸಾಲು ಹಜಾರಗಳು, ಎಲ್ಲಿ ನೋಡಿದರೂ ಶಿಲ್ಪಗಳು. ಕೆಳಗಿನ ಅಂತಸ್ತಿನಲ್ಲಿ ಸಮುದ್ರ, ಮೇಲಿನದರಲ್ಲಿ ಮೋಡ. ಅಲ್ಲಿರುವವನು ಯಾವ ಹಜಾರಕ್ಕೆ ಯಾವಾಗ ನೀರು ಏರುತ್ತದೆ ಅಂತ ಲೆಕ್ಕ ಹಾಕಿ ದಿನಚರಿಯಲ್ಲಿ ಬರೆದಿಡುತ್ತಾನೆ. ಭರತ ಇಳಿತ ನೋಡಿ ಬೆಳೆದ ನಮ್ಮ ಕಡೆಯವರಿಗೆ ಈ ಭಾಗ ಒಂದು ಕೈ ಜಾಸ್ತಿಯೇ ರುಚಿಸುತ್ತದೆ. ಅವನು ಯಾರು, ಅಲ್ಲಿಗೆ ಹೇಗೆ ಬಂದ ಅನ್ನುವುದೇ ಪತ್ತೇದಾರಿಕೆ. ದಯವಿಟ್ಟು ಇದರ ಬಗ್ಗೆ ಗೂಗಲ್ ಮಾಡಬೇಡಿ, ಮಜಾ ಹೋಗುತ್ತದೆ.

ಕಟ್ಟಳೆ ಪಕ್ಕಾ ಇರುವ ಮಂತ್ರವಿದ್ಯೆ ಬೇಕಾದರೆ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ‘ಮಿಸ್ಟ್‌ಬಾರ್ನ್’ ಸರಣಿಯ ಮೊದಲ ಪುಸ್ತಕ (2006) ಇದೆ. ಲೋಹದ ಚೂರು ನುಂಗಿದರೆ ಶಕ್ತಿ ಬರುತ್ತದೆ. ಒಂದೊಂದು ಲೋಹಕ್ಕೆ ಒಂದೊಂದು ಕೆಲಸ, ಹೊಟ್ಟೆಯಲ್ಲಿದ್ದದ್ದು ಮುಗಿದರೆ ಶಕ್ತಿಯೂ ಖಾಲಿ. ಕಳ್ಳರ ಗುಂಪೊಂದು ಸಾಮ್ರಾಜ್ಯಕ್ಕೇ ಕನ್ನ ಹಾಕುವ ಕತೆ. ಭಾಷೆ ಸಪ್ಪೆ, ಪುಸ್ತಕ ದಪ್ಪ, ಆದರೆ ಕೆಳಗಿಡಲಿಕ್ಕೆ ಬಿಡುವುದಿಲ್ಲ. ನಗಿಸುವ ಫ್ಯಾಂಟಸಿ ಬರೆದ ಟೆರ್ರಿ ಪ್ರಾಚೆಟ್ ಬೇಕಾದರೆ ಆಮೇಲೆ ನೋಡಿ. ನನಗೆ ಬಹಳ ಇಷ್ಟ, ಆದರೆ ಅವರ ತಮಾಷೆ ಅರ್ಧಕ್ಕರ್ಧ ಬ್ರಿಟಿಷರ ರೂಢಿ ಮಾತಿನ ಮೇಲೆ ನಿಂತದ್ದು.

ಕನ್ನಡದಲ್ಲೇ ಬೇಕು ಅಂದರೆ ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಹುಡುಕಿ. ಅದಕ್ಕೆ ಯಾರೂ ಫ್ಯಾಂಟಸಿ ಅಂತ ಚೀಟಿ ಅಂಟಿಸುವುದಿಲ್ಲ, ನಾನಂತೂ ಹಾಗೇ ಓದಿದೆ.

‘ಗೇಮ್ ಆಫ್ ಥ್ರೋನ್ಸ್’ ಬಗ್ಗೆಯೂ ಕೇಳಿದ್ದೀರಿ. ಈಗಲೇ ಬೇಡ, ಆ ಸರಣಿ ಇನ್ನೂ ಮುಗಿದೇ ಇಲ್ಲ. ಮೊದಲ ಪುಸ್ತಕ ಬಂದದ್ದು 1996ರಲ್ಲಿ, ಐದನೆಯದು 2011ರಲ್ಲಿ. ಆರನೆಯದಕ್ಕೆ ಜನ ಅಂದಿನಿಂದ ಕಾಯುತ್ತಿದ್ದಾರೆ.

‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್‌ರನ್ನು ಮಾತ್ರ ಪೂರ್ತಿ ಬಿಡಬೇಡಿ. ಮಕ್ಕಳಿಗೆಂದು ಬರೆದ ‘ದಿ ಹಾಬಿಟ್’ (1937) ಮೊದಲು ಓದಿ. ಕರೆಯದೇ ಬಂದ ಹದಿಮೂರು ಕುಳ್ಳರು ಕಥಾನಾಯಕ ಪಾಪದ ಬಿಲ್ಬೋನ ಉಗ್ರಾಣ ಖಾಲಿ ಮಾಡುವುದರಿಂದ ಕತೆ ಶುರು. ಕತ್ತಲೆ ಗುಹೆಯಲ್ಲಿ ಗೊಲ್ಲಮ್ ಅನ್ನುವ ವಿಚಿತ್ರ ಜೀವಿಯ ಜೊತೆ ಪ್ರಾಣ ಪಣಕ್ಕಿಟ್ಟು ಒಗಟು ಬಿಡಿಸುವ ಅಧ್ಯಾಯ ಬಂದಾಗ ಸ್ವಲ್ಪ ನಿಧಾನ ಓದಿ, ಉತ್ತರ ನೀವೇ ಯೋಚಿಸಿ. ಅದು ಹಿಡಿಸಿದರೆ ನಿಲ್ಲಿಸಿದ ಆ ದಪ್ಪ ಪುಸ್ತಕವನ್ನು ಮತ್ತೆ ತೆಗೆಯಿರಿ, ಅದರ ಹೆಸರಿನಲ್ಲೇ ಇರುವ ಉಂಗುರ ಎಲ್ಲಿಂದ ಬಂತು ಅಂತ ಆಗ ಗೊತ್ತಿರುತ್ತದೆ.