ಹಾಲು ಕಟ್ಟಿ ಎದೆ ಕಲ್ಲಾಗಿದ್ದರೆ

ಹೆರಿಗೆಯಾಗಿ ನಾಲ್ಕನೇ ದಿನ, ಎದೆ ಕಲ್ಲಿನ ಹಾಗಾಗಿ ಕೂಸಿನ ಬಾಯಿ ಜಾರುತ್ತಿದೆ ಅಂದಿರಲ್ಲ, ಹಾಲು ಇಳಿಯುವಾಗ ಬಾವು ಬಂದಿರಬೇಕು. ನನಗೂ ಹೀಗೇ ಆಗಿತ್ತು. ಹಾಲು ಕುಡಿಸುವ ಎರಡು ನಿಮಿಷ ಮುಂಚೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ. ಆಮೇಲೆ ತೊಟ್ಟಿನ ಸುತ್ತ ಬೆರಳ ತುದಿ ಇಟ್ಟು ಒಳಕ್ಕೆ ಮೆಲ್ಲಗೆ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಕಪ್ಪು ಭಾಗ ಮೆತ್ತಗಾದ ಮೇಲೆ ಕೈಯಲ್ಲೇ ಸ್ವಲ್ಪ ಹಾಲು ಹಿಂಡಿ ತಕ್ಷಣ ಕೊಟ್ಟರೆ ಕೂಸು ಬಾಯಿ ತುಂಬ ಹಿಡಿಯುತ್ತದೆ. ದಿನಕ್ಕೆ 8ರಿಂದ 12 ಸಲ, ರಾತ್ರಿ ಕೂಡ, ಮಲಗಿದ್ದರೆ ಎಬ್ಬಿಸಿ. ಪಂಪು ಹಾಕಿ ಪೂರ್ತಿ ಖಾಲಿ ಮಾಡಬೇಡಿ, ಇನ್ನೂ ಜಾಸ್ತಿ ತುಂಬುತ್ತದೆ.

ಕುಡಿಸಿದ ಮೇಲೆ 10 ನಿಮಿಷ ತಣ್ಣೀರ ಬಟ್ಟೆ. ನಮ್ಮ ಕಲಬುರಗಿ ಮನೆಗಳಲ್ಲಿ ಬಾಣಂತಿಗೆ ತಣ್ಣೀರು ಅಂದರೆ ಅತ್ತೆ ಬಾಗಿಲಲ್ಲೇ ತಡೆಯುತ್ತಾರೆ, ಸುಡುನೀರು, ಕೆಂಡದ ಕಾವು ಬೇರೆ! ಜಾಸ್ತಿ ಕಾವಿಗೆ ಬಾವು ಏರುತ್ತದೆ, ಎದೆಗೆ ಮಾತ್ರ ಬೇಡ ಅನ್ನಿ. ಎಲೆಕೋಸಿನ ತಣ್ಣನೆ ಎಲೆ ನನಗೆ ಹಿತ ಅನಿಸಿತು, ಎಲೆಯ ಗುಣವೋ ತಂಪಿನ ಗುಣವೋ ಹೇಳಲಾರೆ.

ಜ್ವರ, ಚಳಿ, ಒಂದು ಕಡೆ ಕೆಂಪಾಗಿ ನೋವು ಬಂದರೆ, ಇಲ್ಲಾ ಒಂದು ದಿನದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೂ ಕುಡಿಸುವುದು ನಿಲ್ಲಿಸಬೇಡಿ.