ಸಂಘದ ಮೊದಲ ರಾಷ್ಟ್ರೀಯ ವೈಜ್ಞಾನಿಕ ಸಮ್ಮೇಳನಕ್ಕೆ ದುಡ್ಡು ಹೊಂದಿಸುವುದು ಹೇಗೆ?

ಮೊದಲನೇ ಸಲ ಅಲ್ವಾ, ಚಿಕ್ಕದಾಗಿಯೇ ಮಾಡಿ. 1914ರಲ್ಲಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿ ನಡೆದ ಮೊದಲ ಇಂಡಿಯನ್ ಸೈನ್ಸ್ ಕಾಂಗ್ರೆಸ್‌ಗೆ ಬಂದವರೇ 105 ಮಂದಿ, ಪ್ರಬಂಧಗಳು 35. ಸುಮ್ನೆ ದೊಡ್ಡ ಹೋಟೆಲ್ ಯಾಕೆ, ಯಾವುದಾದರೂ ಕಾಲೇಜಿನ ಸಭಾಂಗಣ ಕೇಳಿ. ಐಸಿಎಂಆರ್ (ವೈದ್ಯಕೀಯ ಸಂಶೋಧನೆಯದು), ಸಿಎಸ್‌ಐಆರ್‌ (ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನೆಯದು) ಥರದ ಕೇಂದ್ರ ಸರ್ಕಾರದ ಸಂಸ್ಥೆಗಳು ಸಮ್ಮೇಳನಗಳಿಗೆ ನೆರವು ಕೊಡುತ್ತವೆ, ಆದರೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು, ಸಿಕ್ಕರೂ ಖರ್ಚಿನ ಒಂದು ಪಾಲಷ್ಟೇ, ಮುಗಿದ ಮೇಲೆ ಬಿಲ್ಲು ಸಮೇತ ಲೆಕ್ಕ ಒಪ್ಪಿಸಬೇಕು. ಹಾಗಾಗಿ ಊಟ-ತಿಂಡಿಯ ಖರ್ಚು ಪ್ರತಿನಿಧಿಗಳ ಶುಲ್ಕದಲ್ಲೇ ಹುಟ್ಟುವ ಹಾಗೆ ನೋಡಿಕೊಳ್ಳಿ. ಉಳಿದದ್ದಕ್ಕೆ ಕಂಪನಿಗಳಿಗೆ ಸ್ಟಾಲ್ ಕೊಡಿ. ಆ ದುಡ್ಡು ಸಂಘದ ಖಾತೆಗೇ ಬರಲಿ, ಕಾರ್ಯದರ್ಶಿಯ ಸ್ವಂತ ಖಾತೆಗೆ ಸುತಾರಾಂ ಬೇಡ. ಯಾರು ಮಾತಾಡಬೇಕು ಅನ್ನುವುದನ್ನು ಮಾತ್ರ ಕಂಪನಿಯವರ ಕೈಗೆ ಬಿಡಬೇಡಿ.